ಗಡಿಕಲ್ಲು ಎದೆಯಿಂದ ಇಳಿಸುವುದು: ತುಲಾ ಸಂಕ್ರಮಣಕ್ಕೆ ಮುಂಚೆ ರಾಗ–ದ್ವೇಷ ಬಿಡುವ 48 ದಿನದ ಸಾಧನೆ

ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ಕಾವೇರಿ ಉಕ್ಕಿಬರುವ ತೀರ್ಥೋದ್ಭವಕ್ಕೆ ಹೋಗುವವರು ಮೊದಲು ಭಾಗಮಂಡಲದ ಸಂಗಮದಲ್ಲಿ ಮುಳುಗು ಹಾಕುವುದು ಕೊಡಗಿನ ಪದ್ಧತಿ. ಹತ್ತು ವರ್ಷದಿಂದ ಮಾತು ಬಿಟ್ಟ ಎರಡು ಮನೆಯವರೂ ಅದೇ ಬೆಳಿಗ್ಗೆ ಅದೇ ನೀರಿಗೆ ಇಳಿಯುತ್ತಾರೆ. ಒಬ್ಬರ ಮುಖ ಒಬ್ಬರು ನೋಡದೆ ಮುಳುಗಿ, ಎದ್ದು, ಬೇರೆ ಬೇರೆ ಜೀಪಿನಲ್ಲಿ ಬೆಟ್ಟ ಹತ್ತುತ್ತಾರೆ. ಮೈಯೆಲ್ಲ ನೆನೆದಿರುತ್ತದೆ, ಬಾಣೆಯ (ಗದ್ದೆಗೆ ಸೇರಿದ ಗುಡ್ಡದ ಜಮೀನಿನ) ಗಡಿಕಲ್ಲು ಮಾತ್ರ ಎದೆಯಲ್ಲಿ ಒಣಗಿದ ಹಾಗೇ ನಿಂತಿರುತ್ತದೆ.

ಆ ಕಲ್ಲನ್ನು ಇಳಿಸುವುದಕ್ಕೆ ಭಕ್ತಿಮಾರ್ಗದಲ್ಲಿ ಏನು ಮಾಡಬೇಕು, ಎಷ್ಟು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ಹೇಳಿದ್ದೇವೆ. ಆಗಸ್ಟ್ 31ರಂದು ಶುರುಮಾಡಿದರೆ ಅಕ್ಟೋಬರ್ 17ಕ್ಕೆ 48 ದಿನ, ಅಂದರೆ ಒಂದು ಮಂಡಲ ಪೂರ್ತಿಯಾಗುತ್ತದೆ. ಸಂಕ್ರಮಣ ಒಂದು ದಿನ ಹಿಂದುಮುಂದಾಗುವುದುಂಟು. ಆ ವರ್ಷದ ಪಂಚಾಂಗ ನೋಡಿ, ಹಿಂದಕ್ಕೆ ಎಣಿಸಿ ದಿನ ಗೊತ್ತುಮಾಡಿಕೊಳ್ಳಿ.

ಮೊದಲು ಶಬ್ದಗಳು ಸ್ಪಷ್ಟವಾಗಲಿ

ಪತಂಜಲಿ ಯೋಗಸೂತ್ರದ ಎರಡನೇ ಪಾದದಲ್ಲಿ ಎರಡು ಪುಟ್ಟ ಸೂತ್ರಗಳಿವೆ. ಸುಖವನ್ನು ಹಿಂಬಾಲಿಸಿ ಬರುವುದು ರಾಗ, ದುಃಖವನ್ನು ಹಿಂಬಾಲಿಸಿ ಬರುವುದು ದ್ವೇಷ. ಎರಡರಲ್ಲೂ ಹಿಂಬಾಲಿಸುವುದು ನೆನಪೇ. ಒಮ್ಮೆ ಸಿಹಿಯಾದದ್ದು ಮತ್ತೆ ಬೇಕು, ಒಮ್ಮೆ ಕಹಿಯಾದದ್ದು ಮತ್ತೆಂದೂ ಬೇಡ. ಆದ್ದರಿಂದ ಇವು ಎರಡು ಬೇರೆ ರೋಗಗಳೆಂದು ಎಣಿಸಿ ಎರಡು ಔಷಧಿ ಹುಡುಕಬೇಕಾಗಿಲ್ಲ. ಪಾಲಿನಲ್ಲಿ ಹೊಳೆಬದಿಯ ತೋಟ ತನಗೇ ಬರಬೇಕು ಎಂಬ ರಾಗ ಇದ್ದವರಿಗೆ, ಅದನ್ನು ಪಡೆದ ಅಣ್ಣನ ಮೇಲೆ ದ್ವೇಷ ಹುಟ್ಟುತ್ತದೆ. ಒಂದೇ ಹಗ್ಗದ ಎರಡು ತುದಿ.

ಕೋಪವನ್ನೂ ದ್ವೇಷವನ್ನೂ ಒಂದೇ ಮಾಡಬೇಡಿ. ಕೋಪ ಬರುತ್ತದೆ, ಹೋಗುತ್ತದೆ. ಕೋಪ ಇಳಿದ ಮೇಲೂ ಉಳಿದುಕೊಂಡು, ಆ ಮನುಷ್ಯನ ಹೆಸರು ಕೇಳಿದ ಕೂಡಲೆ ಹೊಟ್ಟೆ ಬಿಗಿಯುವಂತೆ ಮಾಡುವುದು ದ್ವೇಷ. ಹಾಗೆಯೇ ಪ್ರೀತಿ ಬೇರೆ, ರಾಗ ಬೇರೆ. ಪರೀಕ್ಷೆ ಸುಲಭ: ನೀವು ಪ್ರೀತಿಸುವವರು ನಿಮ್ಮ ಇಷ್ಟದಂತೆ ನಡೆಯದಿದ್ದ ದಿನ ಮನಸ್ಸು ನೊಂದರೆ ಅದು ಪ್ರೀತಿ, ಅವರ ಮೇಲೆ ಸಿಡುಕಿದರೆ ಅದರೊಳಗೆ ರಾಗ ಇದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು, ಏಕೆಂದರೆ ಇದು ಗೊತ್ತಿಲ್ಲದೆ ಹೆಚ್ಚಿನವರು ಎರಡನೇ ವಾರಕ್ಕೇ ಸೋತೆವೆಂದು ಕೈಬಿಡುತ್ತಾರೆ. ಗೀತೆಯ ಮೂರನೇ ಅಧ್ಯಾಯದ 34ನೇ ಶ್ಲೋಕ, ಪ್ರತಿಯೊಂದು ಇಂದ್ರಿಯಕ್ಕೂ ಅದರದರ ವಿಷಯದಲ್ಲಿ ರಾಗದ್ವೇಷಗಳು ನೆಲೆಸಿಯೇ ಇವೆ ಎಂದು ಒಪ್ಪಿಕೊಳ್ಳುತ್ತದೆ. ಅವುಗಳ ವಶಕ್ಕೆ ಹೋಗಬೇಡ, ಅವು ‘ಪರಿಪಂಥಿ’ಗಳು ಎನ್ನುತ್ತದೆ. ಪರಿಪಂಥಿ ಎಂದರೆ ದಾರಿಗೆ ಅಡ್ಡ ನಿಂತು ದೋಚುವವನು. ದಾರಿಯಲ್ಲಿ ಕಳ್ಳರೇ ಇರಬಾರದು ಎಂದು ಕೃಷ್ಣ ಕೇಳಲಿಲ್ಲ. ಕಳ್ಳನ ಕೈಗೆ ಗಂಟು ಕೊಡಬೇಡ ಎಂದ. ಭಾವ ಹುಟ್ಟುವುದನ್ನು ನಿಲ್ಲಿಸುವುದು ಈ 48 ದಿನದ ಗುರಿಯಲ್ಲ. ಹುಟ್ಟಿದ ಭಾವಕ್ಕೂ ಆಡುವ ಮಾತಿಗೂ ನಡುವೆ ಒಂದು ನಾಮಸ್ಮರಣೆಯಷ್ಟು ಜಾಗ ಬಿಡಿಸಿಕೊಂಡರೆ ಸಾಕು.

ಹೆಜ್ಜೆ 1: ಪಟ್ಟಿ

ಶುರುಮಾಡುವ ಹಿಂದಿನ ದಿನ ಒಂದು ನೋಟ್ ಪುಸ್ತಕ ತೆಗೆದುಕೊಂಡು ಒಂದು ಪುಟದಲ್ಲಿ ಮೂರು ರಾಗ, ಇನ್ನೊಂದರಲ್ಲಿ ಮೂರು ದ್ವೇಷ ಬರೆಯಿರಿ. ಒಟ್ಟು ಆರು, ಅದಕ್ಕಿಂತ ಹೆಚ್ಚು ಬೇಡ. ಪ್ರತಿಯೊಂದರಲ್ಲಿ ಒಂದು ಹಗುರ, ಒಂದು ನಡುವಿನದು, ಒಂದು ಭಾರದ್ದು ಇರಲಿ.

ಪಟ್ಟಿಯಲ್ಲಿ ಆಗುವ ತಪ್ಪು ಯಾವಾಗಲೂ ಒಂದೇ: ದೊಡ್ಡ ದೊಡ್ಡ ಮಾತು. ‘ಆಸ್ತಿಯ ಮೋಹ’, ‘ನೆಂಟರ ಮೇಲೆ ಸಿಟ್ಟು’ ಎಂದು ಬರೆದರೆ ಕೈಗೆ ಏನೂ ಸಿಗುವುದಿಲ್ಲ. ಸಿಗದದ್ದನ್ನು ದೇವರ ಮುಂದೆ ಇಡುವುದಾದರೂ ಹೇಗೆ? ಹೀಗೆ ಬರೆಯಿರಿ: ‘ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಜಗಲಿಯಲ್ಲಿ ಯಾವಾಗಲೂ ನಾನು ಕೂರುವ ಜಾಗ.’ ‘ಗೇಟಿನ ಪಕ್ಕ ನಾನು ನೆಟ್ಟ ಸಿಲ್ವರ್ ಓಕ್ ಮರಗಳು.’ ‘ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ತೋಟ ನೋಡಿಕೊಳ್ಳಲೇಬೇಕು ಎಂಬ ಹಠ.’ ಇನ್ನೊಂದು ಪುಟದಲ್ಲಿ: ‘ನಮ್ಮ ಕಣಕ್ಕೆ ನಾಯಿ ಬಿಡುವ ಪಕ್ಕದ ಮನೆಯವರು.’ ‘ಪುತ್ತರಿ ಸುಗ್ಗಿಹಬ್ಬದ ದಿನ ಎಲ್ಲರೆದುರು ಹಾಗೆ ಅಂದ ಅತ್ತಿಗೆ.’ ‘ಸರ್ವೆಯ ದಿನ ಕಲ್ಲು ಸರಿಸಿದ ಚಿಕ್ಕಪ್ಪ.’

ಪುಸ್ತಕವನ್ನು ಯಾರ ಕೈಗೂ ಸಿಗದಲ್ಲಿ ಇಡಿ. ಬೇರೆಯವರು ಓದಿದರೆ ಪಟ್ಟಿಗೆ ಏಳನೆಯದೊಂದು ಸೇರಿಕೊಳ್ಳುತ್ತದೆ.

ಹೆಜ್ಜೆ 2: ಆಣೆ ಇದ್ದರೆ ಮೊದಲು ಅದನ್ನು ಬಿಡಿಸಿ

ನಮ್ಮ ಸೀಮೆಯಲ್ಲಿ ಜಗಳ ಬಹಳ ಸಲ ದೇವರ ಹತ್ತಿರವೇ ಹೋಗಿ ಮುಟ್ಟುತ್ತದೆ. ‘ಆ ಮನೆಯ ನೀರು ಮುಟ್ಟುವುದಿಲ್ಲ’ ಎಂದು ಆಣೆ ಹಾಕಿರುತ್ತಾರೆ, ‘ಅವರಿಗೆ ನೀನೇ ತೋರಿಸಿಕೊಡು’ ಎಂದು ಹರಕೆ ಹೊತ್ತಿರುತ್ತಾರೆ. ಒಂದು ದೇವಸ್ಥಾನದಲ್ಲಿ ಶಾಪದ ಹರಕೆ ಕಟ್ಟಿಟ್ಟು, ಮನೆಯ ದೀಪದ ಮುಂದೆ ದ್ವೇಷ ಬಿಡುತ್ತೇನೆ ಎಂದರೆ ಎರಡೂ ನಡೆಯುವುದಿಲ್ಲ. ಎಡಗೈಯಲ್ಲಿ ಕಟ್ಟಿದ ಗಂಟನ್ನು ಬಲಗೈ ಬಿಚ್ಚಬೇಕಾಗುತ್ತದೆ.

ಆಣೆ ಎಲ್ಲಿ ಹಾಕಿದ್ದೋ ಅಲ್ಲೇ ಬಿಡಿಸಬೇಕು ಎಂಬುದು ರೂಢಿ. ಅದೇ ದೇವಸ್ಥಾನಕ್ಕೆ ಹೋಗಿ, ತಂತ್ರಿಗಳಿಗೋ ಅರ್ಚಕರಿಗೋ ಊರ ಮುಖ್ಯಸ್ಥರಾದ ತಕ್ಕರಿಗೋ ವಿಷಯ ನೇರವಾಗಿ ಹೇಳಿ. ‘ಇಂತಹ ವರ್ಷ ಇಂತಹವರ ಮೇಲೆ ಆಣೆ ಹಾಕಿದ್ದೆ, ಹಿಂದಕ್ಕೆ ತೆಗೆದುಕೊಳ್ಳಬೇಕು’ ಎಂದರೆ ಸಾಕು, ಜಗಳದ ಕಥೆ ಬೇಕಾಗಿಲ್ಲ. ತಪ್ಪುಕಾಣಿಕೆ, ತೆಂಗಿನಕಾಯಿ, ಪೂಜೆ ಎಂದು ಅವರು ಸೂಚಿಸಿದ್ದನ್ನು ಮಾಡಿ. ಆಣೆ ಹಾಕಿದವರು ತೀರಿಹೋಗಿದ್ದರೆ ಮನೆಯ ಹಿರಿಯರು, ಒಕ್ಕದ (ಕುಲದ) ಮುಖ್ಯಸ್ಥರಾದ ಪಟ್ಟೆದಾರರು ಅವರ ಪರವಾಗಿ ನಿಂತು ಬಿಡಿಸಬಹುದೇ ಎಂದು ಅಲ್ಲೇ ಕೇಳಿ. ಅಜ್ಜ ಹಾಕಿದ ಆಣೆಯ ಕಾರಣಕ್ಕೆ, ಜಗಳ ಏನೆಂದೇ ತಿಳಿಯದ ಮೊಮ್ಮಕ್ಕಳು ಒಬ್ಬರ ಮನೆಯಲ್ಲೊಬ್ಬರು ಊಟ ಮಾಡದೆ ಇರುವುದು ನೋಡಲು ಬಹಳ ಸಂಕಟದ ವಿಷಯ. ಇದೊಂದು ಹೆಜ್ಜೆಗೆ ಮಂಡಲ ಹತ್ತು ದಿನ ತಡವಾದರೂ ಆಗಲಿ.

ಮಡಿಕೇರಿಯ ಓಂಕಾರೇಶ್ವರ ಇಂತಹ ಭಾರ ಇಳಿಸಲೆಂದೇ ಎದ್ದ ಗುಡಿ ಎಂದು ಜನರ ನಂಬಿಕೆ. ಒಬ್ಬ ಬ್ರಾಹ್ಮಣನ ಸಾವಿಗೆ ಕಾರಣನಾದ ಕೊಡಗಿನ ಅರಸ ಲಿಂಗರಾಜೇಂದ್ರ, ಕಾಡುತ್ತಿದ್ದ ಆ ಪಾಪಕ್ಕೆ ಪರಿಹಾರವಾಗಿ ಕಾಶಿಯಿಂದ ಲಿಂಗ ತರಿಸಿ 1820ರಲ್ಲಿ ಕಟ್ಟಿಸಿದ ಎನ್ನುತ್ತಾರೆ.

ಹೆಜ್ಜೆ 3: ಸಂಕಲ್ಪ

ಮೊದಲ ದಿನ ಬೆಳಿಗ್ಗೆ ಸ್ನಾನ ಮಾಡಿ, ಮನೆದೇವರ ಮುಂದೆ ಕುಳಿತು, ಬಲಗೈಯಲ್ಲಿ ಒಂದು ಚಿಟಿಕೆ ಅಕ್ಷತೆ, ಒಂದು ಉದ್ಧರಣೆ ನೀರು ತೆಗೆದುಕೊಳ್ಳಿ. ಐನ್‌ಮನೆಯಲ್ಲಿರುವವರು ನೆಲ್ಲಕ್ಕಿ ನಡುಬಾಡೆಯ (ನಡುಮನೆಯ) ತೂಕ್‌ಬೊಳ್ಚದ (ತೂಗುದೀಪದ) ಕೆಳಗೆ, ಕುಲದ ಮೂಲಪುರುಷನಾದ ಗುರುಕಾರೋಣನನ್ನು ನೆನೆದು ಮಾಡಬಹುದು. ಇಷ್ಟಲಿಂಗ ಪೂಜೆಯವರು ಪೂಜೆಯ ಕೊನೆಗೆ ಸೇರಿಸಿಕೊಳ್ಳಲಿ. ಸಂಸ್ಕೃತ ಬರದಿದ್ದರೆ ನಿಮ್ಮ ಮನೆಮಾತಿನಲ್ಲೇ ಹೇಳಿ:

‘ಕಾವೇರಮ್ಮ, ಇವತ್ತಿನಿಂದ ತುಲಾ ಸಂಕ್ರಮಣದವರೆಗೆ ದಿನಾ ಬೆಳಿಗ್ಗೆ ಅರ್ಧ ಗಂಟೆ ನಿನ್ನ ಮುಂದೆ ಕೂರುತ್ತೇನೆ. ಈ ಆರು ಗಂಟುಗಳನ್ನು ಒಂದೊಂದಾಗಿ ತಂದು ಇಡುತ್ತೇನೆ. ಬಿಚ್ಚುವವಳು ನೀನು.’

ನೀರು, ಅಕ್ಷತೆಗಳನ್ನು ತಟ್ಟೆಗೆ ಬಿಡಿ. ಕೊನೆಯ ಮಾತನ್ನು ಬಿಡಬೇಡಿ. ‘ನಾನೇ ಬಿಡುತ್ತೇನೆ’ ಎಂದು ಹೊರಟವರು ಬಿಡಲಾಗದ ದಿನ ತಮ್ಮನ್ನೇ ದ್ವೇಷಿಸಲು ಶುರುಮಾಡುತ್ತಾರೆ. ಭಕ್ತಿಯ ದಾರಿಯಲ್ಲಿ ತಂದು ಇಡುವುದಷ್ಟೇ ನಮ್ಮ ಪಾಲಿನ ಕೆಲಸ.

ಸಂಕಲ್ಪದೊಳಗೆ ಊಟದ ನಿಯಮ ತುರುಕಬೇಡಿ. ಆಗಸ್ಟ್ 31ಕ್ಕೆ ಶುರುಮಾಡಿದರೆ ನಾಲ್ಕನೇ ದಿನವೇ ಸೆಪ್ಟೆಂಬರ್ 3, ಮಾಂಸದೂಟದ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್. ಮಾಂಸ ಮುಟ್ಟುವುದಿಲ್ಲ ಎಂದು ಹಟದಿಂದ ಹೇಳಿ, ನಾಲ್ಕನೇ ದಿನ ಮುರಿದು, ಐದನೇ ದಿನ ಸಾಧನೆಯನ್ನೇ ಬಿಡುವುದು ಬೇಡ. ನಿಮ್ಮ ಮನೆಯ ಆಚಾರ ಏನೋ ಅದು ನಡೆಯಲಿ. ಒಂದು ಎಚ್ಚರ ಮಾತ್ರ ಬೇಕು: ಕುಡಿದ ಹೊತ್ತಿನಲ್ಲಿ ಪಾಲಿನ ಮಾತು, ಗಡಿಯ ಮಾತು, ಫೋನ್ ಮೂರೂ ಬೇಡ.

ಹೆಜ್ಜೆ 4: ಬೆಳಗಿನ ಅರ್ಧ ಗಂಟೆ

ದೀಪಕ್ಕೆ ಎಳ್ಳೆಣ್ಣೆ ಬಳಸಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಳೆಗಾಲದ ಕೊಡಗಿನ ಬೆಳಿಗ್ಗೆ ಅದು ಹಣತೆಯಲ್ಲೇ ಹೆಪ್ಪುಗಟ್ಟಿ ಬತ್ತಿಗೆ ಏರುವುದಿಲ್ಲ, ದೀಪ ಮತ್ತೆ ಮತ್ತೆ ಆರುತ್ತದೆ. ಬತ್ತಿ, ಬೆಂಕಿಪೊಟ್ಟಣ ಎರಡನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಈ ತಿಂಗಳುಗಳಲ್ಲಿ ಎಲ್ಲವೂ ಥಂಡಿ ಹಿಡಿಯುತ್ತದೆ. ಸಣ್ಣ ಮಾತೆನ್ನಿಸಬಹುದು. ಆದರೆ ದೀಪ ಹತ್ತದೆ ಹತ್ತು ನಿಮಿಷ ಒದ್ದಾಡಿದವರು ರಾಗದ್ವೇಷ ಬಿಡಲು ಕೂರುವ ಹೊತ್ತಿಗೆ ಸಿಟ್ಟಿನಲ್ಲೇ ಇರುತ್ತಾರೆ.

ದೀಪ ಹಚ್ಚಿ ಎರಡು ಮೂರು ನಿಮಿಷ ಸುಮ್ಮನೆ ಉಸಿರು ನೋಡಿ. ಆಮೇಲೆ ಜಪ ಮೂರು ಮಾಲೆ. ‘ಓಂ ನಮಃ ಶಿವಾಯ’ ಆಗಲಿ, ರಾಮನಾಮವಾಗಲಿ, ಗುರು ಕೊಟ್ಟ ಮಂತ್ರ ಇದ್ದರೆ ಅದೇ ಆಗಲಿ. 48 ದಿನ ಬದಲಿಸಬೇಡಿ. 108 ಮಣಿಯ ಒಂದು ಮಾಲೆಗೆ, ಒಂದು ನಾಮಕ್ಕೆ ಮೂರು ಸೆಕೆಂಡಿನಂತೆ, ಐದೂವರೆ ನಿಮಿಷ ಬೇಕು. ಮಾಲೆಯನ್ನು ಮಧ್ಯದ ಬೆರಳಿನ ಮೇಲೆ ಇಟ್ಟು ಹೆಬ್ಬೆರಳಿನಿಂದ ಎಳೆಯಿರಿ, ತೋರುಬೆರಳು ತಾಗಿಸಬೇಡಿ. ಮೇರು ಮಣಿ ಬಂದಾಗ ದಾಟದೆ ಮಾಲೆ ತಿರುಗಿಸಿಕೊಂಡು ಹಿಂದಕ್ಕೆ ಹೋಗಿ. ಮೂರು ಮಾಲೆ ಎಂಟು ನಿಮಿಷಕ್ಕೇ ಮುಗಿಯುತ್ತಿದ್ದರೆ ನೀವು ಜಪ ಮಾಡುತ್ತಿಲ್ಲ, ಮಣಿ ಎಣಿಸುತ್ತಿದ್ದೀರಿ.

ಜಪದ ನಡುವೆ ಚಿಕ್ಕಪ್ಪನ ಮುಖ ಬರುತ್ತದೆ. ಬಂದೇ ಬರುತ್ತದೆ. ಆಗ ಮುಖವನ್ನು ಓಡಿಸಲು ಹೋಗಬೇಡಿ. ಭಾಗವತದಲ್ಲಿ ಕಂಸ ಭಯದಿಂದ, ಶಿಶುಪಾಲ ದ್ವೇಷದಿಂದ ಕೃಷ್ಣನನ್ನು ಬಿಡದೆ ನೆನೆದು ಅವನನ್ನೇ ಸೇರಿದರು ಎಂಬ ಮಾತಿದೆ. ದ್ವೇಷದಷ್ಟು ಏಕಾಗ್ರತೆ ಇನ್ನಾವುದಕ್ಕೂ ಇಲ್ಲ. ಗಂಟೆಗಟ್ಟಲೆ, ಊಟ ನಿದ್ದೆ ಮರೆತು, ಮನಸ್ಸು ಅದನ್ನೇ ಧ್ಯಾನಿಸುತ್ತದೆ. ಆ ಬಲವನ್ನೇ ಬಳಸಿಕೊಳ್ಳಿ. ಮುಖ ಬಂದಾಗಲೆಲ್ಲ ಅದನ್ನು ದೇವಸ್ಥಾನದ ಗಂಟೆ ಎಂದು ತಿಳಿದು, ಆ ಮಣಿಯ ನಾಮವನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಿ. ಎರಡು ಮೂರು ವಾರದಲ್ಲಿ, ಮುಖ ಬಂದರೆ ನಾಮ ತಾನಾಗಿ ನಾಲಿಗೆಗೆ ಬರುವ ಅಭ್ಯಾಸ ಬೀಳುತ್ತದೆ. ಈ ಒಂದು ಉಪಾಯ ಉಳಿದವೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲ ಏಳು ದಿನ ಇಷ್ಟೇ. ಪಟ್ಟಿಯನ್ನು ಮುಟ್ಟಬೇಡಿ.

ಹೆಜ್ಜೆ 5: ಒಂದೊಂದು ಗಂಟಿಗೆ ಆರು ದಿನ

ಎಂಟನೇ ದಿನದಿಂದ ಜಪದ ಕೊನೆಗೆ ಹತ್ತು ನಿಮಿಷ ಅರ್ಪಣೆ. ಆರು ಗಂಟು, ತಲಾ ಆರು ದಿನ, ಒಟ್ಟು 36 ದಿನ. 43ನೇ ದಿನಕ್ಕೆ ಮುಗಿಯುತ್ತದೆ. ಕ್ರಮ: ಹಗುರದ ರಾಗ, ಹಗುರದ ದ್ವೇಷ, ನಡುವಿನ ರಾಗ, ನಡುವಿನ ದ್ವೇಷ, ಭಾರದ ರಾಗ, ಕೊನೆಗೆ ಭಾರದ ದ್ವೇಷ. ಆತುರದವರು ಮೊದಲೇ ಚಿಕ್ಕಪ್ಪನಿಗೆ ಕೈಹಾಕುತ್ತಾರೆ. ಅಷ್ಟು ಭಾರ ಎತ್ತುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಹಳೆಯ ಗಾಯ ಕೆದರಿ ದ್ವೇಷ ಇಮ್ಮಡಿಯಾಗುತ್ತದೆ.

ಒಂದು ಗಂಟಿನ ಆರು ದಿನ ಹೀಗೆ ನಡೆಯಲಿ. ಮೊದಲ ದಿನ ಅದನ್ನು ದೇವರಿಗೆ ಪೂರ್ತಿ ಹೇಳಿ, ಬಾಯಿಬಿಟ್ಟು, ಸಣ್ಣ ದನಿಯಲ್ಲಿ. ನಯವಾಗಿ ಹೇಳಬೇಕೆಂದೇನೂ ಇಲ್ಲ. ದೇವರ ಮುಂದೆ ಅಳುವುದೂ ಬೈಯುವುದೂ ಭಕ್ತರಿಗೆ ಹೊಸದಲ್ಲ. ಎರಡನೇ ದಿನ ಅದರ ಹಿಂದಿನ ನೆನಪನ್ನು ಹುಡುಕಿ: ಯಾವ ಸುಖದ ಬೆನ್ನು ಹತ್ತಿ ಈ ರಾಗ ಬಂತು, ಯಾವ ನೋವಿನ ಬೆನ್ನು ಹತ್ತಿ ಈ ದ್ವೇಷ ಬಂತು? ಜಗಲಿಯ ಆ ಜಾಗ ಬೇಕೆನ್ನಿಸುವುದು ಚಿಕ್ಕಂದಿನಲ್ಲಿ ತಾತ ಅಲ್ಲಿ ಕೂರಿಸಿಕೊಂಡದ್ದಕ್ಕೆ ಇರಬಹುದು. ಅತ್ತಿಗೆಯ ಮಾತು ಇರಿದದ್ದು ಆ ಮಾತಿಗಲ್ಲ, ಅಲ್ಲಿದ್ದವರು ಯಾರೂ ನಿಮ್ಮ ಪರ ನಿಲ್ಲದ್ದಕ್ಕೆ ಇರಬಹುದು. ಇದು ಸಿಕ್ಕಿದರೆ ಅರ್ಧ ಗಂಟು ಸಡಿಲವಾದ ಹಾಗೆ.

ಮೂರು ಮತ್ತು ನಾಲ್ಕನೇ ದಿನ ಅರ್ಪಣೆ. ಅಂಗೈಯಲ್ಲಿ ಒಂದು ತುಳಸಿದಳ ಅಥವಾ ಬಿಲ್ವದಳ, ಒಂದು ಉದ್ಧರಣೆ ನೀರು. ಆ ಗಂಟನ್ನು ಹೆಸರಿಟ್ಟು ಹೇಳಿ, ‘ಇದಂ ನ ಮಮ’, ಇದು ನನ್ನದಲ್ಲ ಎಂದು ಬಿಡಿ. ಹೋಮದಲ್ಲಿ ಆಹುತಿ ಹಾಕುವಾಗ ಹೇಳುವ ಮಾತೇ ಇದು. ದ್ವೇಷಕ್ಕೂ ಇದೇ ಮಾತು ಹೇಗೆ ಹೊಂದುತ್ತದೆ ಎಂದು ಕೆಲವರು ಕೇಳುತ್ತಾರೆ. ಹೊಂದುತ್ತದೆ: ಅವರಿಗೆ ಶಿಕ್ಷೆಯಾಗುವುದನ್ನು ನೋಡುವ ಹಕ್ಕು ನನ್ನದು ಎಂದು ಹಿಡಿದುಕೊಂಡದ್ದೇ ದ್ವೇಷ. ಆ ಹಕ್ಕನ್ನು ಬಿಡುತ್ತಿದ್ದೀರಿ.

ಐದನೇ ದಿನ ಕಣ್ಣಿಗೆ ಕಾಣುವ ಒಂದು ಕೆಲಸ ಮಾಡಿ. ಇದಿಲ್ಲದೆ ಉಳಿದದ್ದು ಬರೀ ಬಾಯಿಮಾತು. ಜಗಲಿಯ ಜಾಗದಲ್ಲಿ ಬೇರೆಯವರನ್ನು ಕೂರಿಸಿ. ಮಗನಿಗೆ ಫೋನ್ ಮಾಡಿ, ತೋಟದ ವಿಷಯ ಎತ್ತದೆ, ಅವನ ಕೆಲಸದ ಬಗ್ಗೆ ಕೇಳಿ ಇಟ್ಟುಬಿಡಿ. ಗೇಟಿನ ಪಕ್ಕದ ಮರದ ಮೇಲೆ ಹಬ್ಬಿಸಿದ ಬಳ್ಳಿಯ ಕರಿಮೆಣಸು ಈ ವರ್ಷ ಕೊಯ್ದಾಗ ಅದರಲ್ಲಿ ಒಂದು ಸೇರು ಅನ್ನದಾನಕ್ಕೆ ಎಂದು ಪುಸ್ತಕದಲ್ಲಿ ಬರೆದಿಡಿ. ದ್ವೇಷದ ಗಂಟಾದರೆ, ದೇವಸ್ಥಾನಕ್ಕೆ ಹೋಗಿ ಆ ಮನುಷ್ಯನ ಹೆಸರಿನಲ್ಲಿ ಒಂದು ಕುಂಕುಮಾರ್ಚನೆಯನ್ನೋ ಪಂಚಕಜ್ಜಾಯವನ್ನೋ ಮಾಡಿಸಿ. ನಕ್ಷತ್ರ, ಗೋತ್ರ ಗೊತ್ತಿಲ್ಲದಿದ್ದರೆ ಹೆಸರು, ಮನೆಹೆಸರು ಹೇಳಿದರೆ ಅರ್ಚಕರು ಮಾಡಿಕೊಡುತ್ತಾರೆ. ರಸೀದಿಯಲ್ಲಿ ಆ ಹೆಸರನ್ನು ನಿಮ್ಮ ಬಾಯಿಂದ ಬರೆಸುವಾಗ ಗಂಟಲು ಕಟ್ಟುತ್ತದೆ. ಕಟ್ಟಲಿ. ಪ್ರಸಾದವನ್ನು ಅವರ ಮನೆಗೆ ಕಳಿಸಬೇಡಿ, ವಿಷಯ ಯಾರಿಗೂ ಹೇಳಬೇಡಿ.

ಆರನೇ ದಿನ ಏನೂ ಇಲ್ಲ. ಜಪ ಮುಗಿಸಿ ಹತ್ತು ನಿಮಿಷ ಸುಮ್ಮನೆ ಕುಳಿತು ಏಳಿ.

ಯಾರ ವಿಷಯದಲ್ಲಿ ಯಾವ ಭಾವ

ದ್ವೇಷದ ಜಾಗದಲ್ಲಿ ಏನನ್ನು ಇಡಬೇಕು? ಪತಂಜಲಿ ನಾಲ್ಕು ಹೇಳುತ್ತಾರೆ: ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಮುದಿತೆ ಅಂದರೆ ಸಂತೋಷ, ಪಾಪಿಗಳಲ್ಲಿ ಉಪೇಕ್ಷೆ. ಹೊಟ್ಟೆಕಿಚ್ಚಿನಿಂದ ಹುಟ್ಟಿದ ದ್ವೇಷಕ್ಕೆ ಮೈತ್ರಿಯೇ ಮದ್ದು. ಪಕ್ಕದ ತೋಟದವರಿಗೆ ಕಾಫಿಗೆ ಒಳ್ಳೆ ರೇಟು ಸಿಕ್ಕಿದ್ದು ಕೇಳಿ ಹೊಟ್ಟೆ ಉರಿದರೆ, ಎದುರು ಸಿಕ್ಕಾಗ ‘ಒಳ್ಳೇದಾಯ್ತು’ ಎಂದು ಬಾಯಿಬಿಟ್ಟು ಹೇಳಿ. ಕಾಯಿಲೆ, ಸಾಲದಲ್ಲಿ ಇರುವವರ ಮೇಲಿನ ದ್ವೇಷಕ್ಕೆ ಕರುಣೆ.

ನಾಲ್ಕನೆಯದನ್ನೇ ಜನ ಮರೆಯುವುದು. ನಿಜಕ್ಕೂ ಅನ್ಯಾಯ ಮಾಡಿದವರ ಮೇಲೆ ಕರುಣೆ ಉಕ್ಕಬೇಕು ಎಂದು ಒತ್ತಾಯಿಸಿಕೊಂಡರೆ ಅದು ನಟನೆಯಾಗುತ್ತದೆ. ಅಲ್ಲಿ ಉಪೇಕ್ಷೆ ಸಾಕು: ಒಳ್ಳೆಯದನ್ನೂ ಬಯಸಲಾಗದಿದ್ದರೆ ಕೆಟ್ಟದ್ದನ್ನೂ ಬಯಸದೆ, ನೋಡದೆ, ಕೇಳದೆ, ಅವರ ಸುದ್ದಿ ತರುವವರನ್ನು ಮಾತು ಬದಲಿಸಿ ಕಳಿಸುವುದು. ಗೀತೆಯ ಹನ್ನೆರಡನೇ ಅಧ್ಯಾಯ ಭಕ್ತನ ಲಕ್ಷಣ ಹೇಳುವಾಗ ಮೊದಲ ಪದವೇ ‘ಅದ್ವೇಷ್ಟಾ’, ದ್ವೇಷಿಸದವನು. ಮೈತ್ರಿ, ಕರುಣೆಗಳು ಅದರ ನಂತರ ಬರುತ್ತವೆ. ಆ ಕ್ರಮವನ್ನೇ ಹಿಡಿಯಿರಿ.

ಸತ್ತವರ ಮೇಲಿನ ದ್ವೇಷ

ಪಾಲು ಮಾಡುವಾಗ ಭೇದ ಮಾಡಿದ ಅಪ್ಪ, ಕಷ್ಟ ಕೊಟ್ಟ ಅತ್ತೆ ತೀರಿಹೋಗಿರುತ್ತಾರೆ, ದ್ವೇಷ ಮಾತ್ರ ಮನೆಯಲ್ಲೇ ಉಳಿದಿರುತ್ತದೆ. ಸಾಮಾನ್ಯವಾಗಿ ಈ 48 ದಿನಗಳೊಳಗೇ ಪಿತೃಪಕ್ಷ ಬರುತ್ತದೆ. ತರ್ಪಣ ಬಿಡುವ ಮನೆಯವರು ಮಹಾಲಯ ಅಮಾವಾಸ್ಯೆಯಂದು ಎಳ್ಳು ನೀರು ಬಿಡುವಾಗ ಆ ಹೆಸರನ್ನು ತಡವರಿಸದೆ ಹೇಳಿ. ತರ್ಪಣದ ಕೊನೆಯಲ್ಲಿ ಬಂಧುಗಳಲ್ಲದವರಿಗೂ ನೀರು ಬಿಡುವ ಕ್ರಮವಿದೆ. ಹೊರಗಿನವರಿಗೇ ಕೊಡುವ ನೀರನ್ನು ಮನೆಯವರಿಗೆ ತಡೆಯುವುದಕ್ಕೆ ಆಗುವುದಿಲ್ಲ. ಕೊಡವರ ಮನೆಗಳಲ್ಲಿ ಕೈಮಡದ (ಹಿರಿಯರ ಗುಡಿಯ) ಮುಂದೆ, ಕಾರೋಣರಿಗೆ (ಗತಿಸಿದ ಹಿರಿಯರಿಗೆ) ಎಡೆ ಕೊಡುವಾಗ, ಅದೇ ಹೆಸರು ನೆನೆದು ಅಕ್ಕಿ ಹಾಕಬಹುದು.

ಹೆಜ್ಜೆ 6: ಹಗಲಿನ ಹೊತ್ತು

ಗೀತೆ ಎರಡನೇ ಅಧ್ಯಾಯದ 62, 63ನೇ ಶ್ಲೋಕಗಳಲ್ಲಿ ಒಂದು ಸರಪಳಿ ಇದೆ. ವಿಷಯವನ್ನೇ ಚಿಂತಿಸುತ್ತಿದ್ದರೆ ಸಂಗ, ಸಂಗದಿಂದ ಕಾಮ, ಕಾಮದಿಂದ ಕ್ರೋಧ, ಕ್ರೋಧದಿಂದ ಮೋಹ, ಅಲ್ಲಿಂದ ನೆನಪು ಕೆಟ್ಟು, ಬುದ್ಧಿ ಕೆಟ್ಟು, ಮನುಷ್ಯ ಹಾಳು. ಎಲ್ಲರೂ ಕಡಿಯಲು ಹೋಗುವುದು ಕ್ರೋಧದ ಕೊಂಡಿಯನ್ನು, ಅದು ಕಾದ ಕಬ್ಬಿಣ. ಕಡಿಯಬೇಕಾದದ್ದು ಮೊದಲ ಕೊಂಡಿ: ಅದನ್ನೇ ಮೆಲುಕು ಹಾಕುವುದು. ತೋಟದಲ್ಲಿ ಒಬ್ಬರೇ ಕಪಾತು (ಗಿಡದ ರೆಂಬೆ ಸವರುವ ಕೆಲಸ) ಮಾಡಿಸುತ್ತ ನಿಂತಾಗ, ಜೀಪು ಓಡಿಸುವಾಗ, ಮನಸ್ಸಿನೊಳಗೇ ಎದುರಾಳಿಯ ಜೊತೆ ವಾದ ಶುರುವಾಗುತ್ತದಲ್ಲ, ಆ ಕ್ಷಣ. ‘ವಾದ ಶುರುವಾಯಿತು’ ಎಂದು ಗುರುತಿಸಿ, ಹನ್ನೊಂದು ನಾಮ ಹೇಳಿ, ಕೈಯಲ್ಲಿರುವ ಕೆಲಸಕ್ಕೆ ಕಣ್ಣು ತನ್ನಿ. ದಿನಕ್ಕೆ ಮೂವತ್ತು ಸಲವಾದರೂ ಇಷ್ಟೇ ಮಾಡುವುದು.

ಒಕ್ಕದ ವಾಟ್ಸಾಪ್ ಗುಂಪಿಗೂ ಒಂದು ನಿಯಮ ಬೇಕು. ಪಟ್ಟಿಯಲ್ಲಿರುವವರ ಸಂದೇಶಕ್ಕೆ ಸಂಜೆ ದೀಪ ಹಚ್ಚುವ ಮುಂಚೆ ಉತ್ತರ ಬೇಡ. ದೀಪ ಹಚ್ಚಿದ ಮೇಲೂ ಬರೆಯಬೇಕೆನ್ನಿಸಿದರೆ ನಾಲ್ಕು ಸಾಲಿನೊಳಗೆ ಬರೆಯಿರಿ.

ರಾತ್ರಿ ಮಲಗುವ ಮುಂಚೆ ಐದು ನಿಮಿಷ ಪುಸ್ತಕ. ಎರಡೇ ಸಂಖ್ಯೆ ಬರೆಯಿರಿ: ಇವತ್ತು ಎಷ್ಟು ಸಲ ಸಿಕ್ಕಿಬಿದ್ದೆ, ಎಷ್ಟು ಸಲ ನಾಮ ನೆನಪಾಯಿತು. ಮೊದಲ ಸಂಖ್ಯೆ ಎರಡನೇ ವಾರದಲ್ಲಿ ಏರುತ್ತದೆ. ಹೆದರಬೇಡಿ, ದ್ವೇಷ ಹೆಚ್ಚಾಗಿಲ್ಲ, ನೋಡುವ ಕಣ್ಣು ಚುರುಕಾಗಿದೆ.

ಎಲ್ಲಿ ದಾರಿ ತಪ್ಪುತ್ತದೆ

ದ್ವೇಷ ಧರ್ಮದ ವೇಷದಲ್ಲಿ ಬರುತ್ತದೆ. ‘ನನಗೇನೂ ದ್ವೇಷವಿಲ್ಲ, ನ್ಯಾಯ ಸಿಗಬೇಕು ಅಷ್ಟೇ’ ಎನ್ನುತ್ತೇವೆ. ನಾಳೆ ಬೆಳಿಗ್ಗೆ ನಿಮ್ಮ ಪಾಲು ನಿಮಗೆ ಪೂರ್ತಿ ಬಂತು, ಆದರೆ ಅವರಿಗೂ ಏನೂ ನಷ್ಟವಾಗಲಿಲ್ಲ ಎಂದು ಕಲ್ಪಿಸಿಕೊಳ್ಳಿ. ಸಮಾಧಾನವಾದರೆ ಬೇಕಿದ್ದದ್ದು ನ್ಯಾಯ. ಅವರು ಸುಖವಾಗಿರುವುದು ಚುಚ್ಚಿದರೆ ಅದು ದ್ವೇಷ, ಪಟ್ಟಿಗೆ ಸೇರಿಸಿ.

ಹಾಗೆಂದು ಹಕ್ಕು ಬಿಡಿ ಎಂದು ಈ ಸಾಧನೆ ಹೇಳುವುದಿಲ್ಲ. ಕೋರ್ಟಿನಲ್ಲಿ ಕೇಸು ಇದ್ದರೆ ವಾಯಿದೆಗೆ ಹೋಗಿ, ಸರ್ವೆಗೆ ಅರ್ಜಿ ಕೊಡಿ, ಪಹಣಿ ಸರಿಮಾಡಿಸಿ. ಕುರುಕ್ಷೇತ್ರದಲ್ಲಿ ನಿಂತೇ ಅಲ್ಲವೇ ಅರ್ಜುನ ಈ ಮಾತುಗಳನ್ನು ಕೇಳಿದ್ದು? ಕೇಸಿನ ಕೆಲಸಕ್ಕೆ ವಾರದಲ್ಲಿ ಒಂದು ದಿನ, ಒಂದು ಹೊತ್ತು ಗೊತ್ತುಮಾಡಿ, ಕಾಗದಪತ್ರಗಳನ್ನು ಒಂದೇ ಫೈಲಿನಲ್ಲಿ ಕಟ್ಟಿಡಿ. ಉಳಿದ ದಿನ ಆ ಫೈಲು ಬೀರುವಿನೊಳಗೆ.

ಮನೆಯಲ್ಲಿ ಹೊಡೆತ, ಹಿಂಸೆ ಅನುಭವಿಸುತ್ತಿರುವವರು ಮಾತ್ರ ‘ದ್ವೇಷ ಬಿಡುತ್ತೇನೆ’ ಎಂದು ಸಹಿಸಿಕೊಂಡು ಕೂರಬಾರದು. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181. ಸಾಧನೆ ಆಮೇಲೆ.

‘ನಿಮ್ಮನ್ನು ಕ್ಷಮಿಸಿದ್ದೇನೆ’ ಎಂದು ಅವರಿಗೆ ಹೋಗಿ ಹೇಳುವುದು ಇನ್ನೊಂದು ತಪ್ಪು. ಅವರ ಲೆಕ್ಕದಲ್ಲಿ ತಪ್ಪು ಮಾಡಿದವರು ನೀವು! ಹೊಸ ಜಗಳಕ್ಕೆ ಅದಕ್ಕಿಂತ ನೇರ ದಾರಿ ಇಲ್ಲ. ನಿಮ್ಮಿಂದ ತಪ್ಪಾಗಿದ್ದರೆ ನಿಮ್ಮ ತಪ್ಪಿಗೆ ಮಾತ್ರ, ‘ಆದರೆ’ ಸೇರಿಸದೆ, ಕ್ಷಮೆ ಕೇಳಿ.

ಮೂರನೆಯದು, ಬೇಸರವನ್ನು ವೈರಾಗ್ಯ ಎಂದುಕೊಳ್ಳುವುದು. ರಾಗ ಸಡಿಲವಾದಾಗ ಮನಸ್ಸು ಹಗುರವಾಗುತ್ತದೆ, ಊಟ ರುಚಿಸುತ್ತದೆ, ಮಕ್ಕಳ ಮೇಲೆ ಸಿಡುಕು ಕಡಿಮೆಯಾಗುತ್ತದೆ. ಎರಡು ವಾರವಾದರೂ ನಿದ್ದೆ ಬಾರದೆ, ಊಟ ಸೇರದೆ, ಯಾವುದೂ ಬೇಡವೆನ್ನಿಸಿದರೆ ಅದು ವೈರಾಗ್ಯವಲ್ಲ, ಕಾಯಿಲೆ ಇರಬಹುದು. ಎಡೆಬಿಡದ ಮಳೆಯ ತಿಂಗಳುಗಳಲ್ಲಿ ಒಂಟಿ ಮನೆಗಳಲ್ಲಿರುವ ಹಿರಿಯರನ್ನು ಈ ವಿಷಯದಲ್ಲಿ ವಿಶೇಷವಾಗಿ ಗಮನಿಸಿ. ಡಾಕ್ಟರಿಗೆ ತೋರಿಸಿ, ಇಲ್ಲವೇ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ.

ದಿನ ತಪ್ಪಿದರೆ? ಸೂತಕ, ಆಸ್ಪತ್ರೆ, ಪ್ರಯಾಣ ಇದ್ದದ್ದೇ. ಮಾಲೆ ಹಿಡಿಯಲಾಗದ ದಿನ ಮನಸ್ಸಿನಲ್ಲೇ ಜಪಿಸಿ. ಅದನ್ನು ಲೆಕ್ಕಕ್ಕೆ ಹಿಡಿಯಬಹುದು. ಮರೆತು ಬಿಟ್ಟ ದಿನವನ್ನು ಕೊನೆಗೆ ಸೇರಿಸಿ.

ಹೆಜ್ಜೆ 7: ಕೊನೆಯ ಐದು ದಿನ, ಸಂಗಮ, ಕಣಿಪೂಜೆ

44ರಿಂದ 47ನೇ ದಿನದವರೆಗೆ ಜಪ ಮಾತ್ರ. 47ನೇ ಸಂಜೆ ಪಟ್ಟಿಯ ಎರಡು ಪುಟಗಳನ್ನು ಹರಿದು ಮನೆಯ ಒಲೆಗೆ ಹಾಕಿ. ಹೊಳೆಗೆ ಹಾಕಬೇಡಿ. ಸಂಗಮದಲ್ಲಿ ಬಟ್ಟೆ, ಕಾಗದ, ಪ್ಲಾಸ್ಟಿಕ್ ಬಿಡುವುದು ಪುಣ್ಯದ ಹೆಸರಿನಲ್ಲಿ ಕಾವೇರಿಗೆ ಮಾಡುವ ಅಪಚಾರ.

48ನೇ ದಿನ ಭಾಗಮಂಡಲದಲ್ಲಿ, ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ ಸೇರುವಲ್ಲಿ ಮೂರು ಮುಳುಗು. ಮೊದಲನೆಯದಕ್ಕೆ ನಿಮ್ಮ ಮನೆಯವರ ಹೆಸರು, ಎರಡನೆಯದಕ್ಕೆ ಭಾರದ ದ್ವೇಷದ ಗಂಟಿನಲ್ಲಿದ್ದವರ ಹೆಸರು, ಮೂರನೆಯದಕ್ಕೆ ಹೆಸರಿಲ್ಲ. ಭಗಂಡೇಶ್ವರನ ದರ್ಶನ ಮಾಡಿ, ಅಲ್ಲಿಂದ 8 ಕಿಲೋಮೀಟರ್ ಮೇಲಿನ ತಲಕಾವೇರಿಗೆ ಹೋಗಿ. ತೀರ್ಥೋದ್ಭವದ ಹೊತ್ತಿನ ನೂಕುನುಗ್ಗಲಿನಲ್ಲಿ ತೀರ್ಥ ಉಕ್ಕುವ ಪುಟ್ಟ ಕೊಳವಾದ ಕುಂಡಿಕೆಯ ಬಳಿ ನಿಂತರೆ ಹೊಸ ಸಿಟ್ಟು ಕಟ್ಟಿಕೊಂಡು ಬರುವ ಸಂಭವವೇ ಹೆಚ್ಚು. ವಯಸ್ಸಾದವರು ಒಂದು ವಾರ ಬಿಟ್ಟು ಹೋಗಲಿ. ತುಲಾ ಮಾಸವೆಲ್ಲ ಕಾವೇರಿ ಸ್ನಾನಕ್ಕೆ ಶ್ರೇಷ್ಠವೇ.

ತೀರ್ಥವನ್ನು ಎರಡು ಬಾಟಲಿಯಲ್ಲಿ ತನ್ನಿ. ಕೊನೆಯುಸಿರಿನಲ್ಲಿರುವವರ ಬಾಯಿಗೆ ಬಿಡಲೆಂದು ನಮ್ಮ ಮನೆಗಳಲ್ಲಿ ಈ ತೀರ್ಥ ಇಟ್ಟುಕೊಳ್ಳುತ್ತಾರೆ. ಒಂದು ನಿಮ್ಮ ಮನೆಗೆ. ಇನ್ನೊಂದು ಮಾತು ಬಿಟ್ಟ ಮನೆಗೆ, ಆ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಅಗತ್ಯವಾಗಿ. ನೀವೇ ಹೋಗಲು ಕಾಲು ಬಾರದಿದ್ದರೆ ಇಬ್ಬರಿಗೂ ಬೇಕಾದವರ ಕೈಯಲ್ಲಿ, ಒಂದು ಮಾತೂ ಹೇಳಿ ಕಳಿಸದೆ, ಬಾಟಲಿ ಮಾತ್ರ ಕಳಿಸಿ. ವಾಪಸು ಬಂದರೆ ನಿಮ್ಮ ತುಳಸಿಗೆ ಹಾಕಿ.

ಕೊಡವರ ಮನೆಯಲ್ಲಿ ತೀರ್ಥೋದ್ಭವದ ಮರುದಿನದ ಕಣಿಪೂಜೆಯ ಬೆಳಿಗ್ಗೆ, ರೇಷ್ಮೆ ಉಡಿಸಿ, ಪತ್ತಾಕ್ (ಕೊರಳ ಸರ) ಹಾಕಿ ಅಲಂಕರಿಸಿದ, ತೆಂಗಿನಕಾಯಿ ಇಲ್ಲವೇ ಸೌತೆಕಾಯಿಯ ರೂಪದ ಕಾವೇರಮ್ಮನಿಗೆ ಅಕ್ಕಿ ಹಾಕಿ ನಮಸ್ಕರಿಸಿದ ಮೇಲೆ ಕಿರಿಯರು ಹಿರಿಯರ ಕಾಲು ಹಿಡಿಯುವ ಪದ್ಧತಿ ಇದೆಯಲ್ಲ, ಮಾತು ಬಿಟ್ಟವರು ಒಂದೇ ಸೂರಿನಡಿ ಇದ್ದರೆ ಅದಕ್ಕಿಂತ ಒಳ್ಳೆಯ ಗಳಿಗೆ ಬೇಡ. ಕಿರಿಯರು ಬಗ್ಗಿದರೆ ಸಾಕು. ಹಿರಿಯರು ತಲೆ ಮುಟ್ಟಿ ಹರಸುವುದನ್ನು ತಡಮಾಡಬಾರದು, ಹಳೆಯ ಮಾತನ್ನು ಅಲ್ಲಿ ಎತ್ತಬಾರದು.

ಮಂಡಲ ಮುಗಿದ ಮೇಲೆ ದಿನಕ್ಕೆ ಒಂದು ಮಾಲೆ, ಸಂಕ್ರಮಣದಿಂದ ಸಂಕ್ರಮಣಕ್ಕೆ ಒಮ್ಮೆ ಪುಸ್ತಕ ನೋಡುವುದು ಸಾಕು. ಹಳೆಯ ಗಂಟು ಮತ್ತೆ ಬಿಗಿಯುವುದು ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲು ಶುರುವಾದಾಗ, ಬೇಲಿಬದಿಯ ಸಾಲಿನಲ್ಲಿ. ಆ ಸಾಲನ್ನು ಕೊಯ್ಯುವ ದಿನವನ್ನು ಆ ಕಡೆಯವರಿಗೆ ಎರಡು ದಿನ ಮುಂಚೆ ಮೇಸ್ತ್ರಿಯ ಕೈಯಲ್ಲಿ ಹೇಳಿ ಕಳಿಸಿ, ಅವತ್ತು ಬೆಳಿಗ್ಗೆ ಮೂರು ಮಾಲೆ ಮುಗಿಸಿಯೇ ತೋಟಕ್ಕೆ ಇಳಿಯಿರಿ. ನಿಮ್ಮ ಕಡೆಗೆ ಬಾಗಿದ ಅವರ ರೆಂಬೆಯ ಹಣ್ಣನ್ನು ಗಿಡದಲ್ಲೇ ಬಿಟ್ಟು ಬನ್ನಿ.